ಚಾರ್ಲ್ಸ್‌ಟನ್ ಬಹಿಷ್ಕರಿಸಿದ ನ್ಯಾಯಾಧೀಶ

ಜೂಲಿಯಸ್ ವೇಟೀಸ್ ವೇರಿಂಗ್ 1942ರಲ್ಲಿ ಅಮೆರಿಕದ ಸೌತ್ ಕರೋಲಿನಾದಲ್ಲಿ ಫೆಡರಲ್ ನ್ಯಾಯಾಧೀಶರಾದಾಗ, ಇವರು ನಮ್ಮವರೇ ಎಂದು ಅಲ್ಲಿನ ಬಿಳಿಯ ಗಣ್ಯರು ನಿಶ್ಚಿಂತೆಯಿಂದಿದ್ದರು. ಚಾರ್ಲ್ಸ್‌ಟನ್ನಿನ ಹಳೇ ಮನೆತನ. ಅಪ್ಪ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ರಾಜ್ಯಗಳ ಪರ ಕಾದಾಡಿದವರು. ಅರವತ್ತು ದಾಟುವವರೆಗೆ ಮಗನೂ ವರ್ಣಭೇದದ ಗೊಡವೆಗೆ ಹೋದವರಲ್ಲ.

ಅವರನ್ನು ಅಲುಗಾಡಿಸಿದ್ದು ಐಸಾಕ್ ವುಡರ್ಡ್ ಕೇಸು. ಮಹಾಯುದ್ಧ ಮುಗಿಸಿ ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಕಪ್ಪು ಸೈನಿಕ. ಶೌಚಕ್ಕೆ ಬಸ್ ನಿಲ್ಲಿಸೆಂದು ಕೇಳಿದ್ದಕ್ಕೆ ಚಾಲಕನೊಂದಿಗೆ ಮಾತಿಗೆ ಮಾತು ಬೆಳೆಯಿತು; ಚಾಲಕ ಪೊಲೀಸರನ್ನು ಕರೆದ. ಬೇಟ್ಸ್‌ಬರ್ಗ್‌ನ ಪೊಲೀಸ್ ಮುಖ್ಯಸ್ಥ ಹೊಡೆದ ಹೊಡೆತಕ್ಕೆ ಎರಡೂ ಕಣ್ಣು ಹೋದವು. 1946ರ ನವೆಂಬರಿನಲ್ಲಿ ಕೇಸು ವೇರಿಂಗ್ ಮುಂದೆ ಬಂತು. ಸರ್ಕಾರಿ ವಕೀಲರು ಕಾಟಾಚಾರಕ್ಕೆ ನಡೆಸಿದರು. ಬಿಳಿಯರೇ ತುಂಬಿದ್ದ ಜ್ಯೂರಿ ಎದ್ದು ಒಳಗೆ ಹೋದದ್ದೇ ತಡ, ತೀರ್ಪು ಹಿಡಿದು ವಾಪಸಾಗುತ್ತದೆಂದು ನ್ಯಾಯಾಧೀಶರಿಗೆ ಗೊತ್ತಿತ್ತು. ಅಷ್ಟೂ ನಾಚಿಕೆಗೇಡಾಗದಿರಲಿ ಎಂದು ಬೇಕೆಂದೇ ವಾಕಿಂಗ್‌ಗೆ ಹೋದರು. ಅವರು ಬರುವ ತನಕ ತೀರ್ಪು ಓದುವಂತಿಲ್ಲವಲ್ಲ. ಆದರೂ ಅರ್ಧ ಗಂಟೆಯೊಳಗೆ ಆರೋಪಿ ಖುಲಾಸೆ. ಪತ್ನಿ ಎಲಿಜಬೆತ್ ಅಳುತ್ತಾ ಕೋರ್ಟಿನಿಂದ ಹೊರನಡೆದರು. ಆಮೇಲೆ ಗಂಡ ಹೆಂಡತಿ ಇಬ್ಬರೂ ವರ್ಣಭೇದದ ಕುರಿತ ಪುಸ್ತಕಗಳನ್ನು ಕೂತು ಓದತೊಡಗಿದರು.

ಮರುವರ್ಷವೇ, ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಕಪ್ಪುಜನರಿಗೂ ಮತ ಹಾಕುವ ಹಕ್ಕಿದೆಯೆಂದು ವೇರಿಂಗ್ ತೀರ್ಪಿತ್ತರು. ಊರು ಸಿಡಿದೆದ್ದಿತು. ಬೆದರಿಸಲೆಂದು ಅಂಗಳದಲ್ಲಿ ಶಿಲುಬೆ ಸುಟ್ಟರು, ಮನೆಗೆ ಕಲ್ಲು ತೂರಿದರು. ಮೊದಲ ಹೆಂಡತಿಗೆ ವಿಚ್ಛೇದನ ಕೊಟ್ಟು 1945ರಲ್ಲಿ ಎಲಿಜಬೆತ್‌ರನ್ನು ಮದುವೆಯಾದಾಗ ಊರಿನವರು ದೂರವಿಟ್ಟರು, ಅದರ ಸೇಡು ಇದು ಎಂಬ ಗಾಳಿಮಾತೂ ಹಬ್ಬಿತು. ಸೇಡು ತೀರಿಸುವವರಿಗೆ ಇದಕ್ಕಿಂತ ಸುಲಭದ ದಾರಿಗಳಿರುತ್ತವೆ.

ಮುಂದೆ ಅದೇ ರಾಜ್ಯದ ಕ್ಲಾರೆಂಡನ್ ಕೌಂಟಿಯ ಶಾಲಾ ಪ್ರಕರಣದಲ್ಲಿ ವಕೀಲ ಥರ್ಗುಡ್ ಮಾರ್ಷಲ್ ಕೇಳಿದ್ದು ಕಪ್ಪು ಮಕ್ಕಳಿಗೆ ಸಮಾನ ಸೌಲಭ್ಯ. ಅದನ್ನು ಹಿಂಪಡೆದು, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸಿ ಹೊಸದಾಗಿ ದಾವೆ ಹೂಡಿ ಎಂದವರು ವೇರಿಂಗ್. ಹಾಗಾದರೆ ಕೇಸು ಮೂವರ ಪೀಠಕ್ಕೆ ಹೋಗುತ್ತದೆ, ಅಲ್ಲಿಂದ ನೇರ ಸುಪ್ರೀಂ ಕೋರ್ಟಿಗೆ. ನ್ಯಾಯಾಧೀಶರು ಕಕ್ಷಿದಾರರಿಗೆ ದಾರಿ ತೋರಬಹುದೇ? ಕಟ್ಟುನಿಟ್ಟಿನವರು ಒಪ್ಪಲಿಕ್ಕಿಲ್ಲ. 1951ರಲ್ಲಿ ಪೀಠ ಎರಡಕ್ಕೊಂದು ಮತದಿಂದ ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. ಪ್ರತ್ಯೇಕತೆಯೇ ಅಸಮಾನತೆ ಎಂದ ಆ ಒಬ್ಬರು ವೇರಿಂಗ್. 1954ರಲ್ಲಿ, ಈ ಕೇಸೂ ಸೇರಿಕೊಂಡಿದ್ದ ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದೂ ಅದನ್ನೇ.

ಅಷ್ಟರಲ್ಲಿ ಅವರು ನಿವೃತ್ತರಾಗಿ ನ್ಯೂಯಾರ್ಕ್ ಸೇರಿದ್ದರು. 1968ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಮಣ್ಣು ಮಾಡುವಾಗ ಬಂದಿದ್ದ ಬಿಳಿಯರು ಬೆರಳೆಣಿಕೆಯಷ್ಟು, ಕಪ್ಪುಜನ ನೂರಾರು. 2015ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಕಟ್ಟಡಕ್ಕೆ ವೇರಿಂಗ್ ಹೆಸರಿಟ್ಟರು. ಅದಕ್ಕೆ ಮೊದಲು ಇದ್ದದ್ದು ಮಾಜಿ ಸೆನೆಟರ್ ಫ್ರಿಟ್ಜ್ ಹಾಲಿಂಗ್ಸ್ ಹೆಸರು. ಅದನ್ನು ತೆಗೆದು ಇವರದ್ದಿಡಿ ಎಂದು ಕೇಳಿಕೊಂಡವರು ಸ್ವತಃ ಹಾಲಿಂಗ್ಸೇ.