ಕಾಲ್ನಡಿಗೆಗೆ ಒಲಿದ ಬಂದರು ಪೇಟೆಗಳು

ಗೋಕರ್ಣ, ಮುರ್ಡೇಶ್ವರಗಳ ಯಾತ್ರೆಗೆ ಹೊರಡುವ ಬಯಲುಸೀಮೆಯ ನಮಗೆ ಕುಮಟಾ, ಹೊನ್ನಾವರ, ಭಟ್ಕಳಗಳು ಬಸ್ಸು ನಿಲ್ಲುವ ಊರುಗಳು ಮಾತ್ರ. ಇಳಿದು ನಡೆದರೆ ಬೇರೆಯೇ ಬದುಕು ಕಾಣುತ್ತದೆ. ಹೊನ್ನಾವರದ ಪೇಟೆಯಿಂದ ಹೊರಟವರು ತುಸು ಹೊತ್ತಿನಲ್ಲೇ ಶರಾವತಿಯ ದಡದ ಬಂದರನ್ನು ಸೇರುತ್ತಾರೆ. ಭಟ್ಕಳದ ಹಳೆಯ ಓಣಿಗಳಲ್ಲಿ ಬಸದಿ, ಖೇತಪೈ ನಾರಾಯಣ ದೇವಾಲಯ, ಮಸೀದಿಗಳೆಲ್ಲ ಒಂದೇ ನಡಿಗೆಯ ಅಳತೆಯೊಳಗಿವೆ.

ಇದು ಆಕಸ್ಮಿಕವಲ್ಲ. ಸರಕು ದೋಣಿಯಲ್ಲಿ, ಎತ್ತಿನ ಮೇಲೆ ಬರುತ್ತಿದ್ದ ಕಾಲದಲ್ಲಿ ನೀರಿನ ಬಳಿಯೇ ಅಂಗಡಿ, ಅಂಗಡಿಯ ಬಳಿಯೇ ಮನೆ ಬೆಳೆಯಿತು. 1860ರ ದಶಕದಲ್ಲಿ ಅಮೇರಿಕೆಯ ಅಂತರ್ಯುದ್ಧದಿಂದ ಹತ್ತಿಗೆ ಬೇಡಿಕೆ ಏರಿದಾಗ, ಧಾರವಾಡ ಸೀಮೆಯ ನಮ್ಮ ರೈತರು ಬೆಳೆದ ಅರಳೆ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗಿತು. ಬೆಳೆದದ್ದು ನಮ್ಮಲ್ಲಾದರೂ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು!

ಇಂಥ ಪೇಟೆಯಲ್ಲಿ ವಾಹನವಿಲ್ಲದ ಮನೆಯೂ ಬಡವಾಗದು. ಅಜ್ಜಿ ತಾನೇ ಹೋಗಿ ಹೂವು ಕೊಳ್ಳುತ್ತಾಳೆ. ಮಗು ನಡೆದೇ ಶಾಲೆಗೆ ಹೋಗುತ್ತದೆ. ದಾರಿಯಲ್ಲಿ ನಾಲ್ವರು ಕುಶಲ ಕೇಳುತ್ತಾರೆ. ಸಂಜೆಯ ಗಾಳಿಗೆ ಹಣ ತೆರಬೇಕಿಲ್ಲ.

ಆದರೆ ಈ ಮೂರೂ ಊರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ನಾಲ್ಕು ಪಥಗಳಿಗೆ ಅಗಲವಾದಂತೆ, ರಸ್ತೆ ದಾಟುವುದೇ ವೃದ್ಧರಿಗೆ, ಮಕ್ಕಳಿಗೆ ಭಯವಾಗಿದೆ. ಹೆದ್ದಾರಿ ಬೇಡವೆನ್ನಲಾಗದು, ಅಪಘಾತದ ಗಾಯಾಳುವಿಗೂ ಅದೇ ದಾರಿ. ಆದರೆ ನಡೆಯುವವರಿಗೆ ಸುರಕ್ಷಿತ ದಾಟುದಾರಿ, ನೆರಳಿನ ಪಾದಚಾರಿ ಮಾರ್ಗ ಬೇಡವೇ? ನಮ್ಮೂರುಗಳಲ್ಲಿ ಹೊಸ ಬಡಾವಣೆಯ ನಿವೇಶನ ಕೊಳ್ಳುವ ಮುನ್ನ ನಾವೂ ಒಮ್ಮೆ ಕೇಳಿಕೊಳ್ಳೋಣ: ಇಲ್ಲಿಂದ ನಮ್ಮ ಹಿರಿಯರು ಎಲ್ಲಿಗೆ ನಡೆದು ಹೋಗಬಲ್ಲರು?