ನಿಮಗಿದು ಗೊತ್ತೇ? ಫ್ಲಾಪಿಯ ಪುಟ್ಟ ಬಾಗಿಲೂ ಬೀದರಿನ ಕೆಂಪು ಧೂಳೂ

ಬೀದರಿನ ಕೆಂಪು ಮಣ್ಣೂ ಹಳೆಯ ಫ್ಲಾಪಿ ಡಿಸ್ಕೂ ಒಂದೇ ಕುಲದವು, ಗೊತ್ತೇ? ಕೋಟೆ ನಿಂತಿರುವ ಜಂಬಿಟ್ಟಿಗೆ ಬಂಡೆಗೆ ಆ ಬಣ್ಣ ಬಂದದ್ದು ಕಬ್ಬಿಣದ ಆಕ್ಸೈಡಿನಿಂದ. ಫ್ಲಾಪಿಯೊಳಗಿನ ಕಂದು ಲೇಪನವೂ ಕಬ್ಬಿಣದ ಆಕ್ಸೈಡೇ. ಆದರೆ ಹರಳಿನ ಕಟ್ಟು ಬೇರೆ. ಮಣ್ಣಿನ ಹೆಮಟೈಟಿನಲ್ಲಿ ಕಾಂತಗುಣ ತೀರಾ ಕಡಿಮೆ. ಫ್ಲಾಪಿಗೆ ಬಳಿಯುವ ಗಾಮಾ ರೂಪದಲ್ಲಿ ಅದು ಹೆಚ್ಚು. ಹೆಚ್ಚು ಮಾಹಿತಿ ಹಿಡಿಯುವ ಡಿಸ್ಕುಗಳಲ್ಲಿ ಅದಕ್ಕೆ ಕೋಬಾಲ್ಟನ್ನೂ ಸೇರಿಸುತ್ತಿದ್ದರು.

ಒಂದೇ ಕುಲವಾದರೂ ಹೊರಗಿನ ಕೆಂಪು ಒಳಗಿನ ಕಂದಿಗೆ ಶತ್ರು. ಇವೆರಡರ ನಡುವೆ ಇದ್ದ ಕಾವಲು ಒಂದೇ: ಜಾರುವ ತೆಳು ತಗಡು. ಅದರ ಹೆಸರು ಶಟರ್.

ಮೊದಮೊದಲ ಫ್ಲಾಪಿಗಳಿಗೆ ಶಟರೇ ಇರಲಿಲ್ಲ. 1971ರಲ್ಲಿ ಐಬಿಎಂ ತಂದ 8 ಇಂಚಿನದಕ್ಕೂ, 1976ರಲ್ಲಿ ಬಂದ ಐದೂಕಾಲು ಇಂಚಿನದಕ್ಕೂ ಹೊದಿಕೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಡಿಸ್ಕು ಸದಾ ಬೆತ್ತಲೆ. ಕಾಗದದ ಚೀಲವೊಂದೇ ರಕ್ಷಣೆ. ಚೀಲಕ್ಕೆ ಹಾಕಲು ಮರೆತರೆ ಅದೂ ಇಲ್ಲ.

1980ರ ದಶಕದ ಆರಂಭದಲ್ಲಿ ಸೋನಿ ಮೂರೂವರೆ ಇಂಚಿನ ಗಟ್ಟಿ ಡಬ್ಬಿ ತಂದಾಗ ಶಟರನ್ನು ಕೈಯಿಂದಲೇ ಸರಿಸಬೇಕಿತ್ತು. ಮುಚ್ಚುವುದಕ್ಕೆ ಮೂಲೆಯನ್ನು ಚಿವುಟಬೇಕಿತ್ತು. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಶಟರ್ ಬಂದದ್ದು ಆಮೇಲೆ. 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಈ ಅಳತೆಯ ಡಿಸ್ಕನ್ನು ಮನೆಮಾತಾಗಿಸಿತು.

ಶಟರ್ ತೆರೆಯುವ ಕೆಲಸ ಡ್ರೈವಿನದು, ಮುಚ್ಚುವ ಕೆಲಸ ಸ್ಪ್ರಿಂಗಿನದು. ಸಮಸ್ಯೆ ಹುಟ್ಟುವುದೂ ಇಲ್ಲೇ. ಡಿಸ್ಕು ಒಳಹೋಗುವಾಗ ಡ್ರೈವಿನ ಸನ್ನೆಯೊಂದು ಶಟರಿನ ಮೂಲೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಹೊರಬರುವಾಗ ಹೇರ್‌ಪಿನ್ ಆಕಾರದ ಸ್ಪ್ರಿಂಗ್ ಅದನ್ನು ವಾಪಸು ನೂಕುತ್ತದೆ. ಎರಡೂ ಬಲ ಬೀಳುವುದು ತಗಡಿನ ಒಂದು ಅಂಚಿಗೆ, ನಡುವಿಗಲ್ಲ. ಹಳೆಯ ಮರದ ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುವುದಲ್ಲ, ಹಾಗೆಯೇ ಶಟರೂ ಓರೆಯಾಗುತ್ತದೆ. ಓರೆಯಾದ ಲೋಹದ ಮೂಲೆ ಮೆತ್ತನೆಯ ಎಬಿಎಸ್ ಪ್ಲಾಸ್ಟಿಕ್ಕನ್ನು ಹೆರೆಯುತ್ತದೆ. ಹೆರೆದ ಪುಡಿ ಹೊರಗೆ ಹೋದರೆ ಚಿಂತೆಯಿಲ್ಲ. ಅದು ಬೀಳುವುದು ಒಳಗೆ, ಡಿಸ್ಕಿನ ಮೇಲೆ.

ಆ ಪುಡಿ ಎಷ್ಟು ಹಾನಿ ಮಾಡೀತು? 1.44 ಎಂಬಿ ಫ್ಲಾಪಿಯ ಅತಿ ಒಳಗಿನ ಟ್ರ್ಯಾಕಿನಲ್ಲಿ ಒಂದು ಬಿಟ್ಟಿಗೆ ಸಿಗುವ ಉದ್ದ ಸುಮಾರು 1.5 ಮೈಕ್ರಾನ್. 10 ಮೈಕ್ರಾನಿನ ಒಂದು ಕಣ ಆರೇಳು ಬಿಟ್ಟುಗಳ ಮೇಲೆ ಕೂರುತ್ತದೆ. ಫ್ಲಾಪಿಯಲ್ಲಿ ಓದುವ ಹೆಡ್ ಡಿಸ್ಕನ್ನು ಮುಟ್ಟಿಕೊಂಡೇ ಓಡುವುದರಿಂದ ಕಣ ಅದರಡಿ ಸಿಕ್ಕಿತೆಂದರೆ ಹೆಡ್ ಮೇಲೇಳುತ್ತದೆ, ಸಂಕೇತ ಕುಗ್ಗುತ್ತದೆ, ಲೇಪನಕ್ಕೆ ಗೀರೂ ಬೀಳುತ್ತದೆ. ಡಿಸ್ಕು ತಿರುಗುವುದು ನಿಮಿಷಕ್ಕೆ 300 ಸುತ್ತು. ಅಂದರೆ ಅದೇ ಗೀರು ಸೆಕೆಂಡಿಗೆ ಐದು ಸಲ.

ಈಗ ಇದಕ್ಕೆ ಊರಿನ ಧೂಳನ್ನು ಸೇರಿಸಿ. ಪ್ಲಾಸ್ಟಿಕ್ಕಿಗಿಂತ ಹೆಮಟೈಟ್ ಎಷ್ಟೋ ಪಾಲು ಗಟ್ಟಿ. ಅದರ ಕಣ ಮೆತ್ತನೆಯ ಡಬ್ಬಿಯಲ್ಲಿ ನಾಟಿಕೊಂಡರೆ ಆಮೇಲೆ ಡಬ್ಬಿಯೇ ಉಪ್ಪುಕಾಗದ. ಪ್ರತಿ ಸಲ ಜಾರುವಾಗಲೂ ಲೋಹದ ತಗಡು ಅದರ ಮೇಲೆ ಉಜ್ಜಿಕೊಳ್ಳುತ್ತದೆ. ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣಿನ ಧೂಳು ಇನ್ನೊಂದು ಬಗೆಯದು: ಅದರ ಜೇಡಿಕಣಗಳು 2 ಮೈಕ್ರಾನಿಗೂ ಸಣ್ಣವು, ಎಂಥ ಸಂದಿಗೂ ನುಗ್ಗುತ್ತವೆ. ರಾಜ್ಯದ ಉತ್ತರದ ತುದಿಯಾದ ಔರಾದಿನ ಬಿರುಬೇಸಿಗೆಯಲ್ಲಿ ಗಾಳಿ ಒಣಗಿರುತ್ತದೆ. ಒಣಗಾಳಿಯಲ್ಲಿ ಉಜ್ಜಿದ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಉಳಿದುಬಿಡುತ್ತದೆ. ಆ ವಿದ್ಯುತ್ತು ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ. ಘರ್ಷಣೆ ಕಡಿಮೆ ಮಾಡುವುದೆಂದರೆ ಈ ಸರಪಳಿಯ ಮೊದಲ ಕೊಂಡಿಯನ್ನೇ ಕಡಿಯುವುದು.

ಹಾಗಾದರೆ ಬಲವಾದ ಸ್ಪ್ರಿಂಗ್ ಹಾಕಿದರಾಯಿತಲ್ಲ? ಆಗದು. ಸ್ಪ್ರಿಂಗ್ ಬಿಗಿಯಾದಷ್ಟೂ ತಗಡು ಡಬ್ಬಿಗೆ ಒತ್ತುತ್ತದೆ, ಸವೆತ ಹೆಚ್ಚುತ್ತದೆ, ಡಿಸ್ಕು ಡ್ರೈವಿಗೆ ಸಲೀಸಾಗಿ ಹೋಗುವುದಿಲ್ಲ. ಸಡಿಲವಾದರೆ ಶಟರ್ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ವಿನ್ಯಾಸಕಾರರು ಸ್ಪ್ರಿಂಗಿಗಿಂತ ದಾರಿಯ ಮೇಲೆ ಹೆಚ್ಚು ದುಡಿದರು. ತಗಡು ಜಾರುವ ಜಾಗವನ್ನು ಅದರ ದಪ್ಪಕ್ಕೆ ತಕ್ಕಷ್ಟು ತಗ್ಗಿಸಿದರು. ಓರೆಯಾಗದಂತೆ ಹಿಡಿದಿಡಲು ಉದ್ದನೆಯ ತೋಡು ಕೊರೆದರು. ತಗಡು ಕತ್ತರಿಸುವಾಗ ಅಂಚಿನಲ್ಲಿ ಏಳುವ ಮುಳ್ಳುಗಳನ್ನು ನಯ ಮಾಡಿದರು, ಮಡಿಕೆಗಳನ್ನು ಗುಂಡಗಾಗಿಸಿದರು.

ಶಟರನ್ನೇ ಪ್ಲಾಸ್ಟಿಕ್ಕಿನಿಂದ ಮಾಡಿದವರೂ ಇದ್ದರು. ಅವರು ಆರಿಸಿದ್ದು ಪಾಲಿಅಸಿಟಾಲ್, ಪುಟ್ಟ ಹಲ್ಲುಗಾಲಿಗಳಿಗೆ ಬಳಸುವ ವಸ್ತು. ಎಣ್ಣೆ ಇಲ್ಲದೆಯೇ ಜಾರುವುದು ಅದರ ಗುಣ. ಶಟರೂ ಡಬ್ಬಿಯೂ ಒಂದೇ ಪ್ಲಾಸ್ಟಿಕ್ಕಾದರೆ ಒಂದಕ್ಕೊಂದು ಅಂಟಿ ಕೀಳುವುದು ಹೆಚ್ಚು. ಎರಡು ಬೇರೆ ಬೇರೆ ವಸ್ತುಗಳ ಜೋಡಿಯೇ ಬಾಳಿಕೆ ಬರುವುದು. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸುವ ತೀರ್ಮಾನ ಇದು.

ಶಟರನ್ನು ದಾಟಿಯೂ ಧೂಳು ಒಳಬಂದರೆ? ಅದಕ್ಕೂ ಏರ್ಪಾಡಿದೆ. ಡಬ್ಬಿಯ ಒಳಗೋಡೆಗೆ ನೇಯದ ಬಟ್ಟೆಯ ಅಸ್ತರಿ. ಡಿಸ್ಕು ತಿರುಗುತ್ತಿದ್ದಂತೆ ಅದು ಒರೆಸುತ್ತಲೇ ಇರುತ್ತದೆ.

ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1980ರಲ್ಲಿ; ಭಾಲ್ಕಿಯ ರೂರಲ್ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, 1982ರಲ್ಲಿ. ಎರಡೂ ಮೂರೂವರೆ ಇಂಚಿನ ಫ್ಲಾಪಿಯ ಸಮವಯಸ್ಕರು. ಡಿಟಿಪಿ ಅಂಗಡಿಯ ಲಗ್ನಪತ್ರಿಕೆ, ಪ್ರಾಜೆಕ್ಟ್ ವರದಿ, ಸ್ಮರಣಸಂಚಿಕೆ, ಸಂಘದ ಲೆಕ್ಕಪತ್ರ ಎಲ್ಲವೂ ಒಂದು ಕಾಲಕ್ಕೆ ಇದೇ ಡಬ್ಬಿಯಲ್ಲಿ ಓಡಾಡಿದವು.

ಒಂದು ಫ್ಲಾಪಿಯಲ್ಲಿ ಎಷ್ಟು ಹಿಡಿಯುತ್ತದೆ? ಎರಡು ಮುಖ, ಮುಖಕ್ಕೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್: ಒಟ್ಟು 14,74,560 ಬೈಟ್. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಬೀದರಿನಲ್ಲಿ ಕಿವಿಗೆ ಬೀಳುವ ಮರಾಠಿಗೂ ತೆಲುಗಿಗೂ ಅಷ್ಟೇ. ಉರ್ದು ಅಕ್ಷರಕ್ಕೆ 2 ಸಾಕು!

ಸೋನಿ ಫ್ಲಾಪಿ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಫ್ಲಾಪಿಯಲ್ಲೇ ಅರ್ಜಿ ಸಲ್ಲಿಸಬೇಕೆಂಬ ನಿಯಮಗಳನ್ನು ಜಪಾನ್ ಸರ್ಕಾರ ಬಹುತೇಕ ಕೈಬಿಟ್ಟದ್ದು 2024ರಲ್ಲಿ.

ನಿಮ್ಮ ಮನೆಯ ಅಲಮಾರಿಯಲ್ಲಿ, ಕಾಲೇಜಿನ ಸ್ಟೋರ್ ರೂಮಿನಲ್ಲಿ, ಮಠದ ಕಪಾಟಿನಲ್ಲಿ ಫ್ಲಾಪಿ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಊರಿನ ಎಷ್ಟೋ ಬರಹಕ್ಕೆ ಅದೊಂದೇ ಪ್ರತಿಯಾಗಿರಬಹುದು. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವ್ ಇದ್ದರೆ ಓದಿಸಬಹುದು. ಆದರೆ ಮೊದಲು ಶಟರನ್ನು ಮೆಲ್ಲಗೆ ಸರಿಸಿ ನೋಡಿ. ಡಿಸ್ಕಿನ ಮೇಲೆ ಬೂಸ್ಟು ಕಂಡರೆ ಡ್ರೈವಿಗೆ ಹಾಕಬೇಡಿ. ಹೆಡ್ಡಿಗೆ ಹತ್ತಿದ ಕೊಳೆ ಮುಂದಿನ ಡಿಸ್ಕನ್ನೂ ಕೆಡಿಸುತ್ತದೆ. ಶಟರ್ ಬಿಗಿಯಾಗಿದೆಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಎಣ್ಣೆ ಒಳಗೆ ಹರಿದು ಡಿಸ್ಕಿಗೆ ಅಂಟುತ್ತದೆ.

ಶಟರ್ ಬಾಗಿದ್ದರೆ ಅದನ್ನು ಬಿಚ್ಚಿ ತೆಗೆದುಬಿಡಿ. ಶಟರ್ ಇಲ್ಲದೆಯೂ ಡ್ರೈವ್ ಓದುತ್ತದೆ. ಬಾಗಿದ ತಗಡು ಒಳಗೆ ಸಿಕ್ಕಿಕೊಂಡರೆ ಡಿಸ್ಕನ್ನು ಎಳೆಯುವಾಗ ಮೇಲಿನ ಹೆಡ್ಡೇ ಕಿತ್ತು ಬರಬಹುದು. ಓದಿಸುವ ಮುನ್ನ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಅಲ್ಲಿನ ತೂತು ತೆರೆದಿರುವಂತೆ ಮಾಡಿ. ಆಗ ಡಿಸ್ಕಿನ ಮೇಲೆ ಅಪ್ಪಿತಪ್ಪಿ ಏನೂ ಬರೆದುಹೋಗುವುದಿಲ್ಲ. ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಡಿಸ್ಕು ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಯುನಿಕೋಡ್‌ಗೂ ಮುಂಚಿನ ಫಾಂಟಿನಲ್ಲಿ ಕೂಡಿಸಿದ ಬರಹವಾಗಿರಬಹುದು. ಅದು ಯಾವ ಫಾಂಟೆಂದು ಗೊತ್ತುಮಾಡಿಕೊಂಡು, ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಲ್ಲಿ ಹಾಯಿಸಿ ನೋಡಿ.