ಲ್ಯಾಪ್‌ಟಾಪ್‌ಗೆ ಜ್ವರ ಬಂದಾಗ...
ಫೈನಲ್ ಇಯರ್ ಪ್ರಾಜೆಕ್ಟ್ ಸಲ್ಲಿಸಲು ನಾಲ್ಕೇ ದಿನ ಉಳಿದಿತ್ತು. ತ್ರೀಡಿ ಅನಿಮೇಷನ್ ರೆಂಡರ್‌ಗೆ ಹಾಕಿದರೆ ಸಾಕು, ನನ್ನ ಲ್ಯಾಪ್‌ಟಾಪ್ ಇಸ್ತ್ರಿಪೆಟ್ಟಿಗೆಯಂತೆ ಕಾದು ಹತ್ತೇ ನಿಮಿಷಕ್ಕೆ ಆಫ್! ಗ್ರಾಫಿಕ್ಸ್ ಕಾರ್ಡ್ ಉಷ್ಣಾಂಶ 95 ಡಿಗ್ರಿ. ‘ಕಾರ್ಡ್ ಹೋಗಿದೆ. ಮದರ್‌ಬೋರ್ಡ್‌ಗೇ ಬೆಸೆದಿರುತ್ತೆ, ಬೋರ್ಡೇ ಬದಲಿಸ್ಬೇಕು, 22 ಸಾವಿರ’ ಎಂದರು ರಿಪೇರಿ ಅಂಗಡಿಯವರು. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪ್ ಅದು. ಮನೆಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ.

ಎಲೆಕ್ಟ್ರಾನಿಕ್ಸ್ ಓದುವ ರೂಮ್‌ಮೇಟ್ ಕೇಳಿದಳು, ‘ಯಾವತ್ತಾದ್ರೂ ಫ್ಯಾನ್ ಕ್ಲೀನ್ ಮಾಡಿದ್ದೀಯೇನೇ?’ ಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ! ಹಿಂಬದಿ ಬಿಚ್ಚಿ, ಮೊದಲು ಬ್ಯಾಟರಿಯ ವೈರ್ ಕಳಚಿದೆವು. ಬಿಸಿಗಾಳಿ ಹೊರಹೋಗುವ ಜಾಲರಿಯ ತುಂಬ ಹಾಸಿಗೆಯ ಹತ್ತಿ, ಕೂದಲು, ಧೂಳು. ಚಿಪ್‌ನ ಶಾಖವನ್ನು ತಾಮ್ರದ ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೆಕ್ಕಳೆ ಕಟ್ಟಿತ್ತು. ಬ್ರಷ್‌ನಿಂದ ಧೂಳು ತೆಗೆದು, ಹಳೇ ಪೇಸ್ಟ್ ಒರೆಸಿ, ಹೊಸದನ್ನು ತುಸುವೇ ಹಚ್ಚಿದೆವು. ಖರ್ಚು ಮುನ್ನೂರು ರೂಪಾಯಿ. ಮತ್ತೆ ರೆಂಡರ್‌ಗೆ ಹಾಕಿದರೆ 76 ಡಿಗ್ರಿ! ಬೆಳಗಿನವರೆಗೂ ನಿಲ್ಲದೆ ಓಡಿತು.

ಈಗ ಅದಕ್ಕೆ ಹಾಸಿಗೆ ನಿಷಿದ್ಧ, ಮೇಜೇ ಗತಿ. ಅಪ್ಪನಿಗೆ ಎಲ್ಲ ಹೇಳಿದೆ. ಅವರು ನಕ್ಕರು. ‘ಫುಟ್‌ವಾಲ್ವ್‌ಗೆ ಕಸ ಕಟ್ಟಿ ನೀರು ಬರದಿದ್ರೆ ಹೊಸ ಪಂಪ್‌ಸೆಟ್ ತರ್ತೀವೇನಮ್ಮಾ? ಮೊದ್ಲು ಬಿಚ್ಚಿ ನೋಡ್ಬೇಕು!’